ಒಳಗೆ ಹೊಡೆದ ಹೊರಗಿನ ಬಣ್ಣ

ಕಳೆದ ವಾರ ಸೊಸೆ ಪಡಸಾಲೆಯಲ್ಲಿ ಕೂತು ಉಗುರಿನ ಹಳೆಯ ಬಣ್ಣ ತೆಗೆಯುತ್ತಿದ್ದಳು. ಹತ್ತಿಯ ಚೂರನ್ನು ಸಣ್ಣ ಬಾಟಲಿಯಲ್ಲಿ ಅದ್ದಿ ಒಂದೊಂದೇ ಬೆರಳು ಒರೆಸುತ್ತಿದ್ದಳು. ಒಳಗಿನ ಕೋಣೆಯಲ್ಲಿ ಅಡ್ಡಾಗಿದ್ದ ನನ್ನ ಮೂಗಿಗೆ ಆ ವಾಸನೆ ಬಂತು. ಥಿನ್ನರಿನ ವಾಸನೆಯೇ. ನಾನು ಜೀವಮಾನವಿಡೀ ಗಾಡಿಗಳಿಗೆ ಬಣ್ಣ ಹೊಡೆದವನು, ಆ ವಾಸನೆಯಲ್ಲೇ ಉಂಡು ಎದ್ದವನು. ಕೈ ನಡುಗಲು ಸುರುವಾಗಿ ಕೆಲಸ ಬಿಟ್ಟ ಮೇಲೆ ಅದು ದೂರವಾಗಿತ್ತು. ಆದರೆ ಆವತ್ತು ವಾಸನೆಯ ಜೊತೆಗೆ ಶೆಡ್ಡು ನೆನಪಾಗಲಿಲ್ಲ, ಕೆಲಸ ಕಲಿಸಿದ ಉಸ್ತಾದರು ನೆನಪಾಗಲಿಲ್ಲ. ಒಂದು ಹಸಿರು ಬಣ್ಣ ಕಣ್ಣ ಮುಂದೆ ಬಂತು. ಅದರ ಹಿಂದೆ ಸ್ಟಿಯರಿಂಗ್ ಹಿಡಿದು ಕೂತ ಒಬ್ಬ ಹೆಂಗಸು...

ಊರು ಅವರನ್ನು ಬಳಿಚಾಚಿ, ಅಂದರೆ ಬಳೆ ಮಾರುವ ಚಿಕ್ಕಮ್ಮ, ಎನ್ನುತ್ತಿತ್ತು. ನಾನು ಬರೀ ಚಾಚಿ ಎನ್ನುತ್ತಿದ್ದೆ. ಉಮದಿಯ ಸ್ಟ್ಯಾಂಡ್ ದಾಟಿ ವಿಜಯಪುರದ ರಸ್ತೆಗೆ ತಿರುಗುವಲ್ಲಿ ನನ್ನ ಶೆಡ್ಡು ಇತ್ತು, ಅದರ ಹಿಂದಿನ ಓಣಿಯಲ್ಲಿ ಚಾಚಿಯ ಮನೆ. ಗಂಡ ತೀರಿಕೊಂಡ ಮೇಲೆ ಬಳೆಯ ವ್ಯಾಪಾರವನ್ನು ಅವರೇ ನೋಡಿಕೊಳ್ಳುತ್ತಿದ್ದರು. ವಾರದ ಸಂತೆಗಳಿಗೆ, ಅಮಾವಾಸ್ಯೆಗೆ ಗುಡ್ಡಾಪುರದ ಗುಡಿಗೆ, ಮದುವೆ ಮನೆಗಳಿಗೆ ತಗಡಿನ ಟ್ರಂಕುಗಳನ್ನು ಹೊತ್ತು ಬಸ್ಸಿನಲ್ಲಿ ಹೋಗುತ್ತಿದ್ದರು. ಕಂಡಕ್ಟರ್ ಟ್ರಂಕನ್ನು ಒಳಗೆ ಇಡಲು ಬಿಡುತ್ತಿರಲಿಲ್ಲ. ಬಸ್ಸಿನ ಟಪ್ಪಿನ ಮೇಲೆ ಹಾಕಿದರೆ ಇಳಿಸುವಾಗ ಒಳಗೆ ಕಿಣಿಕಿಣಿ ಸದ್ದು. ಸಂತೆಯಲ್ಲಿ ಟ್ರಂಕು ತೆರೆದು, ಚೂರುಗಳನ್ನು ಸೆರಗಿನಲ್ಲಿ ಕೂಡಿಸಿಕೊಂಡು, "ಇವತ್ತ ಭಾಳ ಹೆಚ್ಚಿದವು" ಅನ್ನುತ್ತಿದ್ದರು.

ನಮ್ಮ ಕಡೆ ಬಳೆಗೆ ಒಡೆಯಿತು ಎನ್ನುವುದಿಲ್ಲ. ಹೆಚ್ಚಿತು ಅನ್ನಬೇಕು. ಒಡೆಯುವ ಮಾತು ಗಂಡನನ್ನು ಕಳೆದುಕೊಂಡ ಹೆಂಗಸಿನ ಕೈಗೆ ಸೇರಿದ್ದು ಎಂದು ಯಾರೂ ಅದನ್ನು ಬಾಯಿಗೆ ತಂದುಕೊಳ್ಳುವುದಿಲ್ಲ. ಚಾಚಿಯಂತೂ ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಸ್ವಂತ ಕೈ ಬರಿದಾಗಿದ್ದರೂ ಮಾರುವ ಬಳೆಯ ಬಗ್ಗೆ ಅಪ್ಪಿತಪ್ಪಿಯೂ ಆ ಮಾತು ಆಡುತ್ತಿರಲಿಲ್ಲ, ಬೇರೆಯವರು ಆಡಿದರೆ ಬಿಡುತ್ತಿರಲಿಲ್ಲ.

ಒಂದು ದಿನ ಅವರು ಬಸ್ಸಿನ ಸಹವಾಸ ಸಾಕೆಂದು ಹಳೆಯ ಸಣ್ಣ ಕಾರೊಂದನ್ನು ಕೊಂಡು ತಂದರು. ಐವತ್ತು ದಾಟಿದ ಹೆಂಗಸು. ಊರ ಹೊರಗಿನ ಮಾಳದಲ್ಲಿ ತಿಂಗಳುಗಟ್ಟಲೆ ಓಡಿಸಿ ಕಲಿತರು. ಗೇರು ಹಾಕುವಾಗ ಆ ಕಾರು ಅತ್ತಂತೆ ಕೂಗುತ್ತಿತ್ತು. ನನ್ನ ಶೆಡ್ಡಿನ ಪಕ್ಕದ ಚಹದಂಗಡಿಯಲ್ಲಿ ಕೂತವರಿಗೆ ಅದೇ ಮೋಜು.

"ಚಾಚಿ, ಹಗೂರ ಹೊಡೀರಿ," ಅಂದಿದ್ದ ಚಹದಂಗಡಿಯವನು ಒಮ್ಮೆ. "ಬಳಿ ಒಡದ್ರ ಹೊಸಾವ ಸಿಗತಾವ. ನಮ್ಮ ಕಾಲ ಮುರದ್ರ ಸಿಗಂಗಿಲ್ಲ."

ಚಾಚಿ ಕಾರು ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಒಡದ್ರ ಅನಬ್ಯಾಡ, ಹೆಚ್ಚಿದ್ರ ಅನ್ನು. ಮತ್ತ ನಿನ್ನ ಕಾಲ ರಸ್ತಾಕ್ಕ ಯಾಕ ಚಾಚೀದಿ? ಚಾಚಿ ನಾ ಇದ್ದೀನಲ್ಲ, ನೀ ಮಡಚಿ ಕುಂದ್ರು."

ಕೂತವರೆಲ್ಲ ನಕ್ಕರು. ಅವನೂ ನಕ್ಕ. ಆಮೇಲೆ ಕಾರು ಬಂದರೆ ನಿಜವಾಗಿ ಕಾಲು ಮಡಚುತ್ತಿದ್ದ.

ಚಾಚಿ ಹಿಂದಿನ ಸೀಟು ತೆಗೆಸಿ ಅಲ್ಲಿ ಬಳೆಯ ಪೆಟ್ಟಿಗೆಗಳನ್ನು ಜೋಡಿಸಿದರು. ಬಸ್ಸು ಹೋಗದ ಊರಿಗೂ ಹೋಗಿಬಂದರು. ಆ ಕಾರಿನಿಂದ ಅವರಿಗೆ ಸಿಕ್ಕಿದ್ದು ವ್ಯಾಪಾರ ಮಾತ್ರವಲ್ಲ. ಅದುವರೆಗೆ ಕಂಡಕ್ಟರನ ಎದುರು, ಟ್ರಂಕು ಇಳಿಸುವವನ ಎದುರು ಬೇಡುವ ದನಿಯಲ್ಲಿ ಮಾತಾಡುತ್ತಿದ್ದವರು, ಈಗ ಹೊರಡುವ ಹೊತ್ತನ್ನು ತಾವೇ ಹೇಳುತ್ತಿದ್ದರು.

ಕಾರಿನ ಒಳಗಿನ ಪ್ಲಾಸ್ಟಿಕ್ಕು ಬಿಸಿಲಿಗೆ ಸತ್ತುಹೋಗಿತ್ತು. ಡ್ಯಾಶ್‌ಬೋರ್ಡ್ ಬೂದಿ ಬಳಿದಂತೆ ಬೆಳ್ಳಗಾಗಿತ್ತು, ಬಾಗಿಲ ಒಳಮೈ ಮುಟ್ಟಿದರೆ ಕೈಗೆ ಪುಡಿ ಹತ್ತುತ್ತಿತ್ತು. ಅದಕ್ಕಾಗಿ ಚಾಚಿ ನನ್ನ ಶೆಡ್ಡಿಗೆ ಬಂದರು. ಕೈಯಲ್ಲಿ ಹಸಿರು ಗಾಜಿನ ಬಳೆಗಳ ಒಂದು ಗೊಂಚಲು.

"ಪೇಂಟರ್ ಭಾಯ್, ಹೊರಗ ಹ್ಯಾಂಗರ ಇರಲಿ. ಒಳಗ ನನಗ ಈ ಬಣ್ಣ ಬೇಕು. ಮದಲಗಿತ್ತಿ ಕೈಯಾಗಿನ ಬಣ್ಣ. ಬಳಿ ಹಂಗ ಚಮಕಬೇಕು."

ಕಾರಿನ ಒಳಮೈಗೆ ಹೊಡೆಯುವ ಬಣ್ಣ ಬೇರೆ, ಹೊರಮೈಗೆ ಹೊಡೆಯುವುದು ಬೇರೆ. ಒಳಗಿನದು ಮಂಕಾಗಿರುತ್ತದೆ. ಅದು ಕರಿ, ಬೂದಿಯಲ್ಲಿ ಸಿಗುತ್ತಿತ್ತೇ ಹೊರತು ಬಳೆಯ ಹಸಿರಿನಲ್ಲಿ ಎಲ್ಲಿಂದ ತರಬೇಕು? ಒಂದು ಟೆಂಪೊಗೆ ಹೊಡೆದು ಉಳಿದಿದ್ದ ಹೊರಗಿನ ಹಸಿರು ನನ್ನ ಬಳಿ ಇತ್ತು. ಅದಕ್ಕೆ ತುಸು ಹಳದಿ ಬೆರೆಸಿ, ಬಳೆಯನ್ನು ಪಕ್ಕಕ್ಕೆ ಹಿಡಿದು ನೋಡುತ್ತ ಹದಕ್ಕೆ ತಂದೆ. ಪ್ಲಾಸ್ಟಿಕ್ಕಿಗೆ ಬಣ್ಣ ಕಚ್ಚಲು ಮೊದಲು ಬೇರೆ ಪ್ರೈಮರ್ ಹೊಡೆಯಬೇಕು. ಅದು ಇರಲಿಲ್ಲ. ತರಿಸಲೂ ಇಲ್ಲ. ಸೋಪಿನ ನೀರಿನಲ್ಲಿ ತೊಳೆದು, ಪಾಲಿಶ್ ಪೇಪರಿನಿಂದ ಉಜ್ಜಿ, ನೇರ ಹಸಿರು ಹೊಡೆದೆ. ಕೊನೆಗೆ ಹೊರಮೈಗೆ ಹೊಡೆಯುವ ಹೊಳಪಿನ ಕೋಟನ್ನೂ ಮೇಲೆ ಹಾಕಿದೆ. ಅದು ಒಣಗಿದಾಗ ಡ್ಯಾಶ್‌ಬೋರ್ಡಿನಲ್ಲಿ ನನ್ನ ಮುಖ ಕಾಣುತ್ತಿತ್ತು.

ಹೊಳಪಿನಿಂದ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಹತ್ತನೆಯ ತರಗತಿ ಮುಗಿಸಿ ಮಿರಜಿಗೆ ಹೋಗಿ ಕೆಲಸ ಕಲಿತವನು. ಡ್ರೈವರನ ಎದುರು ಚಮಕ್ ಇಡಬೇಡ ಎಂದು ಉಸ್ತಾದರು ಒಮ್ಮೆ ಹೇಳಿದ್ದರು. ಯಾಕೆ ಎಂದು ನಾನು ಕೇಳಿರಲಿಲ್ಲ. ಚಾಚಿಯ ಕಾರಿಗೆ ಹೊಡೆಯುವಾಗ ಆ ಮಾತು ನೆನಪಾಗಿತ್ತು ಕೂಡ... ಆದರೆ ಕೆಲಸ ಅಷ್ಟು ಚಂದ ಬರುತ್ತಿತ್ತು.

ಕಾರು ಒಯ್ಯಲು ಬಂದ ಚಾಚಿ ಒಳಗೆ ಕೂತು ಬಹಳ ಹೊತ್ತು ಹೊರಗೆ ಬರಲಿಲ್ಲ. ಬೆರಳಿನಿಂದ ಡ್ಯಾಶ್‌ಬೋರ್ಡನ್ನು ನೇವರಿಸಿ, "ಇದು ಗಾಡಿ ಅಲ್ಲ ಭಾಯ್, ಕೈಬಳಿ" ಅಂದರು. ಅದನ್ನು ನೋಡಲು ಜನ ಬಂದರು. ಜತ್ತದಿಂದ ಇಬ್ಬರು ಟ್ಯಾಕ್ಸಿಯವರು ಬಂದು ತಮಗೂ ಹೀಗೇ ಬೇಕು, ಒಬ್ಬನಿಗೆ ಕೆಂಪು, ಒಬ್ಬನಿಗೆ ಬಿಳಿ ಎಂದು ಹೇಳಿಹೋದರು. ತಾಲೂಕಿನಲ್ಲಿ ಯಾರೂ ಮಾಡದ ಕೆಲಸ ಮಾಡಿದೆನೆಂದು ನಾನು ಚಹದಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತೆ.

ಸ್ವಲ್ಪ ದಿನಗಳಲ್ಲೇ ಚಾಚಿ ನಡು ಮಧ್ಯಾಹ್ನದಲ್ಲಿ ಕಾರು ತಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ಇಳಿಯದೆ ಕೂತಲ್ಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ನನ್ನ ಕಣ್ಣಿಗಿ ಏನೋ ಆಗ್ಯದ ಭಾಯ್. ಬಿಸಲಾಗ ರಸ್ತಾದ ಮ್ಯಾಲೆಲ್ಲ ಹಸಿರ ಹಾಸಿದಂಗ ಕಾಣತದ. ಎದರಿಗಿ ಎಮ್ಮಿ ಬಂದ್ರ ಎಮ್ಮೀನೂ ಹಸಿರ."

"ಮೇದ ಬಂದಿರಬೇಕ ತಗೋರಿ," ಅಂದ ಚಹದಂಗಡಿಯವನು. ಬೆಂಚಿನಲ್ಲಿದ್ದ ನಾಲ್ಕು ಜನ ನಕ್ಕರು.

ಚಾಚಿ ನಗಲಿಲ್ಲ. ಇಳಿದು ಬಾಗಿಲು ತೆರೆದು ಹಿಡಿದರು. "ನೀ ಕುಂತ ನೋಡು. ನೀ ಬಣ್ಣದಾಂವ, ನಿನ್ನ ಕಣ್ಣ ಚಲೋ ಇರತಾವ. ನಿನಗೂ ಹಂಗ ಕಾಣತದೇನು?"

ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಮುಂದಿನ ಗಾಜಿನ ತುಂಬ ನನ್ನ ಹಸಿರು. ಡ್ಯಾಶ್‌ಬೋರ್ಡಿನ ಮೇಲೆ ಬಿದ್ದ ಬಿಸಿಲು ಗಾಜಿಗೆ ಹಾರಿ ಅಲ್ಲಿಂದ ಕಣ್ಣಿಗೆ ಹೊಡೆಯುತ್ತಿತ್ತು. ಅದರಾಚೆ ರಸ್ತೆ, ಬೇವಿನ ಮರ, ಸೈಕಲ್ ಮೇಲೆ ಹೋಗುತ್ತಿದ್ದವನು, ಎಲ್ಲವೂ ನೀರಿನಡಿ ಇದ್ದಂತೆ. ಆ ಕ್ಷಣದಲ್ಲೇ ಉಸ್ತಾದರ ಮಾತು ಪೂರ್ತಿ ತಿಳಿಯಿತು. ಬೆಂಚಿನವರು ಕುತ್ತಿಗೆ ಚಾಚಿ ನನ್ನ ಬಾಯಿ ನೋಡುತ್ತಿದ್ದರು. ಕೆಂಪು ಬೇಕೆಂದ ಟ್ಯಾಕ್ಸಿಯವನೂ ಆವತ್ತು ಅಲ್ಲೇ ಚಹ ಕುಡಿಯುತ್ತಿದ್ದ.

"ಇಲ್ಲ ಚಾಚಿ," ಅಂದೆ. "ನನಗ ಎಲ್ಲಾ ಸ್ವಚ್ಛ ಕಾಣತದರಿ."

ಅಷ್ಟೇ. ನಾನು ಆಡಿದ್ದು ಅಷ್ಟೇ ಮಾತು. ಚಾಚಿ ಒಂದು ಕ್ಷಣ ನನ್ನನ್ನು ನೋಡಿ, "ಹಂಗಾರ ನನ್ನ ಕಣ್ಣ ಹೋದ್ವು" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಬೆಂಚಿನ ಮೇಲಿಂದ ಯಾರೋ, "ವಯಸ್ಸಾತ ಚಾಚಿ, ಪೊರಿ ಬಂದಿರತದ" ಅಂದರು. ನಾನು ಇಳಿದು ಬಾಗಿಲು ಮುಚ್ಚಿದೆ.

ಚಾಚಿ ಮಿರಜಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದರು. ಡಾಕ್ಟರು ಕನ್ನಡಕ ಕೊಟ್ಟು, ಪೊರೆ ಈಗಷ್ಟೇ ಸುರುವಾಗಿದೆ, ಬಲಿತ ಮೇಲೆ ನೋಡೋಣ ಎಂದಿದ್ದರಂತೆ. ಆ ವಯಸ್ಸಿನಲ್ಲಿ ಯಾರಿಗಾದರೂ ಹೇಳುವ ಮಾತು ಅದು. ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ ಎಂದು ಇವರೇ ಹೇಳಿದಾಗ ಡಾಕ್ಟರಿಗಾದರೂ ಇನ್ನೇನು ತೋಚಬೇಕು? ಇಳಿದು ನಡೆದರೆ ಕಾಣುತ್ತದೆ, ಗಾಡಿಯ ಓಟಕ್ಕೆ ಕಣ್ಣು ತಾಳುವುದಿಲ್ಲ ಎಂದು ಅವರೇ ಒಂದು ಕಾರಣ ಕಟ್ಟಿಕೊಂಡಿದ್ದರು. ಆದರೂ ಚಾಚಿ ಬಿಡಲಿಲ್ಲ. ಮೋಡ ಇದ್ದ ದಿನ ಚೆನ್ನಾಗಿ ಕಾಣುತ್ತದೆ ಎಂದು ಆಕಾಶ ನೋಡಿ ಹೊರಡತೊಡಗಿದರು. ಬೆಳಕು ಹರಿಯುವ ಮೊದಲೇ ಹೋಗಿ ಸೂರ್ಯ ಇಳಿದ ಮೇಲೆ ಬರತೊಡಗಿದರು. ಸೊಪ್ಪು ತಿಂದರು, ಕಣ್ಣಿಗೆ ಗುಲಾಬಿ ನೀರು ಹಾಕಿಕೊಂಡರು. ಪ್ರತಿಸಲ ಶೆಡ್ಡಿನ ಮುಂದೆ ಹಾದುಹೋಗುವಾಗ ನನಗೆ ಕೈ ಮಾಡುತ್ತಿದ್ದರು. ನಾನೂ ಮಾಡುತ್ತಿದ್ದೆ.

ಆಮೇಲೆ ಯಳವಿಯ ಕಡೆ ಒಂದು ಘಟನೆಯಾಯಿತು. ಸಂತೆ ಮುಗಿಸಿ ಬರುವಾಗ ಮೇವಿನ ಹೊರೆ ಹೊತ್ತ ಒಬ್ಬ ಮುದುಕಿ ರಸ್ತೆ ದಾಟುತ್ತಿದ್ದಳು. ಹಸಿರಿನಲ್ಲಿ ಹಸಿರು ಮೇವು. ಚಾಚಿಗೆ ಅವಳು ಕಂಡಿದ್ದು ಬಾನೆಟ್ಟಿನ ತುದಿಗೆ ಬಂದಾಗ. ಬ್ರೇಕು ಒತ್ತಿದ ರಭಸಕ್ಕೆ ಹಿಂದಿನ ಪೆಟ್ಟಿಗೆಗಳೆಲ್ಲ ಮುಂದಕ್ಕೆ ಬಂದು ಉರುಳಿದವು. ಮುದುಕಿಗೆ ಏನೂ ಆಗಲಿಲ್ಲ. ಮೇವಿನ ಹೊರೆ ಕೆಳಗೆ ಹಾಕಿ, ಬಯ್ದು, ಮತ್ತೆ ಎತ್ತಿಕೊಂಡು ಹೋದಳಂತೆ.

ಚಾಚಿ ಹೇಗೋ ಊರು ಮುಟ್ಟಿ ನನ್ನ ಶೆಡ್ಡಿನ ಮುಂದೆಯೇ ಕಾರು ನಿಲ್ಲಿಸಿದರು. ಏನಾಯಿತು ಎಂದು ಕೇಳಿದೆ. ಹೇಳಿದರು. ಕೊನೆಗೆ ಹಿಂದಕ್ಕೆ ಕೈ ತೋರಿಸಿ, "ಎಲ್ಲಾ ಒಡದವು" ಅಂದರು.

ನಾನು ಅವರ ಬಾಯಿಂದ ಆ ಮಾತು ಕೇಳಿದ್ದು ಅದೊಂದೇ ಸಲ. ಚಹದಂಗಡಿಯವನು ಗ್ಲಾಸು ತೊಳೆಯುತ್ತಿದ್ದವನು ಕೈ ನಿಲ್ಲಿಸಿದ. ಹೆಚ್ಚಿದವು ಎಂದು ತಿದ್ದುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಆಗಲಾದರೂ ನಾನು ಹೇಳಬಹುದಿತ್ತು. ಒಂದು ಹಳೆಯ ಕಂಬಳಿ ತಂದು ಡ್ಯಾಶ್‌ಬೋರ್ಡಿನ ಮೇಲೆ ಹಾಕಿ, ಈಗ ನೋಡಿ ಚಾಚಿ ಅಂದಿದ್ದರೆ ಸಾಕಿತ್ತು. ನಾನು ಬುಟ್ಟಿ ತಂದು ಚೂರುಗಳನ್ನು ಆರಿಸಿಕೊಟ್ಟೆ.

ಕಾರು ಮಾರಿಹೋಯಿತು. ಚಾಚಿ ಮತ್ತೆ ಟ್ರಂಕು ಹಿಡಿದು ಬಸ್ಸಿಗೆ ನಿಂತರು. ಕಣ್ಣು ಹೋದಾಕೆ ಎಂದು ಮದುವೆ ಮನೆಯವರು ಬೇರೆ ಬಳೆಗಾರರನ್ನು ಕರೆಯತೊಡಗಿದರು, ಎಲ್ಲಿ ಕೈಗೆ ಗಾಯ ಮಾಡುತ್ತಾರೋ ಎಂದು. ಕಾರು ಕೊಂಡ ಹಾಲಿನವನು ವಾರ ಕಳೆಯುವುದರೊಳಗೆ ನನ್ನ ಬಳಿ ಬಂದ. "ಮುಂದಿನ ಗಾಜಿನ್ಯಾಗ ನಿನ್ನ ಬಣ್ಣಾನ ಕಾಣತದಲ್ಲೋ ಮಾರಾಯಾ, ರಸ್ತಾ ಕಾಣವಲ್ದು. ತಗದ ಒಗಿ ಇದನ್ನ." ತೆಗೆದೆ. ಪ್ರೈಮರ್ ಇಲ್ಲದೆ ಹೊಡೆದದ್ದಲ್ಲವೇ, ಉಗುರು ತಾಗಿಸಿದರೆ ಪೊರೆ ಪೊರೆಯಾಗಿ ಎದ್ದು ಬಂತು. ಮಂಕು ಬೂದಿ ಹೊಡೆದುಕೊಟ್ಟೆ. ಟ್ಯಾಕ್ಸಿಯವರಿಗೆ ಬಣ್ಣ ಸಿಗುವುದಿಲ್ಲ ಎಂದು ಹೇಳಿ ಕಳಿಸಿದೆ. ಚಾಚಿಯ ಓಣಿಗೆ ಮಾತ್ರ ಹೋಗಲಿಲ್ಲ.

ವರ್ಷಗಳು ಹೋದವು. ನನ್ನ ಮಗಳ ಮದುವೆ ಗೊತ್ತಾಯಿತು. ಬಳೆ ಇಡಿಸಲು ಯಾರನ್ನು ಕರೆಯುವುದು ಎಂಬ ಮಾತು ಬಂದಾಗ ನಾನು ಚಾಚಿಯೇ ಬರಬೇಕು ಅಂದೆ. ಹೆಂಡತಿ ಕಣ್ಣಿನ ಮಾತು ಎತ್ತಿದಳು. ನಾನು ಹಟ ಮಾಡಿದೆ. ಚಾಚಿ ಬಂದು ಚಾಪೆಯ ಮೇಲೆ ಕೂತು ಮಗಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಬೆರಳ ಗಂಟುಗಳನ್ನು ಒತ್ತಿ ಒತ್ತಿ ಮೆತ್ತಗೆ ಮಾಡಿ ಹಸಿರು ಬಳೆಗಳನ್ನು ಏರಿಸಿದರು. ಒಂದೂ ಹೆಚ್ಚಲಿಲ್ಲ.

"ಹೆದರಬ್ಯಾಡ ಬೇಟಿ," ಎಂದು ನಗುತ್ತ ಹೇಳುತ್ತಿದ್ದರು. "ಕಣ್ಣ ಕೈ ಕೊಟ್ರೂ ಕೈ ಕೈ ಕೊಟ್ಟಿಲ್ಲ."

ಸುತ್ತ ಕೂತ ಹೆಂಗಸರು ನಕ್ಕರು. ನಾನು ಬಾಗಿಲಲ್ಲಿ ನಿಂತಿದ್ದೆ. ಇನ್ನು ಸುಮ್ಮನಿರಲು ಆಗುವುದಿಲ್ಲ ಎಂದು ಅಲ್ಲಿಯೇ ಗಟ್ಟಿ ಮಾಡಿಕೊಂಡೆ.

ಮದುವೆಯ ಮರುದಿನ ಚಾಚಿಯ ಮನೆಗೆ ಹೋದೆ. ಅವರು ಬಳೆಗಳನ್ನು ದಾರಕ್ಕೆ ಕಟ್ಟುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಹೊರಗಿನ ಬಣ್ಣ, ಹೊಳಪಿನ ಕೋಟು, ಗಾಜು, ಎಲ್ಲ. ಚಾಚಿ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಅವತ್ತ ನಿನಗ ಕಂಡಿತ್ತು?"

"ಕಂಡಿತ್ರಿ."

"ಹಸಿರು?"

"ಹಸಿರ ಚಾಚಿ. ಎಲ್ಲಾ ಕಡಿ."

ದಾರಕ್ಕೆ ಗಂಟು ಹಾಕಿದರು. ಎದ್ದು ಸೆರಗು ಸರಿ ಮಾಡಿಕೊಂಡರು. "ನಿನ್ನ ಮನಿ ಮುಂದ ಬೀಗರ ಗಾಡಿ ನಿಂತಾದಲ್ಲ. ಚಾವಿ ತಗೊಂಡ ಬಾ."

ತಂದೆ. ಯಾಕೆಂದು ಕೇಳಿದ ಬೀಗರಿಗೆ ಏನೋ ಒಂದು ಹೇಳಿದೆ. ಬಿಸಿಲು ನೆತ್ತಿಯ ಮೇಲಿತ್ತು. ಚಾಚಿ ಡ್ರೈವರ್ ಸೀಟಿನಲ್ಲಿ ಕೂತರು, ನಾನು ಪಕ್ಕದಲ್ಲಿ. ಮಂಕು ಕರಿ ಡ್ಯಾಶ್‌ಬೋರ್ಡು. ಮೊದಲು ಗಾಡಿ ಒಂದೆರಡು ಸಲ ಎಗರಿ ನಿಂತಿತು. ಆಮೇಲೆ ಹಿಡಿತ ಸಿಕ್ಕಿತು. ವಿಜಯಪುರದ ರಸ್ತೆಯಲ್ಲಿ ಹೊರಟರು. ಎದುರಿಗೆ ಬಂದ ಲಾರಿಗೆ ದಾರಿ ಬಿಟ್ಟರು, ಕುರಿ ಹಿಂಡು ದಾಟುವ ತನಕ ನಿಂತರು, ದೂರದಲ್ಲಿದ್ದ ಮೈಲಿಗಲ್ಲಿನ ಮೇಲಿನ ಊರ ಹೆಸರನ್ನು ಗಟ್ಟಿಯಾಗಿ ಓದಿದರು. ಬೇಲಿಯ ಮೇಲೆ ಕೂತ ಹಕ್ಕಿಯನ್ನು ತೋರಿಸಿದರು. ನನಗೆ ಕಾಣುವ ಮೊದಲೇ ಅವರಿಗೆ ಕಂಡಿತ್ತು. ಅಷ್ಟು ಹೊತ್ತೂ ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಸ್ಟಿಯರಿಂಗಿನಿಂದ ಕೈ ತೆಗೆಯಲಿಲ್ಲ...

ತಿರುಗಿಸಿಕೊಂಡು ಬಂದು ತಮ್ಮ ಓಣಿಯ ಬಾಯಿಗೆ ನಿಲ್ಲಿಸಿ ಚಾವಿಯನ್ನು ನನ್ನ ಕೈಗೆ ಕೊಟ್ಟರು.

"ನನಗ ಹೇಳಿದಿ, ಚಲೋ ಆತು. ಆದರ ಅವತ್ತ ನೀ ಸುಳ್ಳ ಹೇಳಿದ್ದು ನನ್ನ ಒಬ್ಬಾಕಿ ಮುಂದಲ್ಲ. ಬೆಂಚಿನ ಮ್ಯಾಲ ಮಂದಿ ಇದ್ರು. ಕಣ್ಣ ಹೋದಾಕಿ ಅಂತ ನನ್ನ ಹೆಸರಾತು. ಅಲ್ಲೇ ಕುಂತು, ಅದ ಮಂದಿ ಮುಂದ ಹೇಳು. ಹೇಳೂತನಕ ನನ್ನ ಬಾಗಲಿಗಿ ಬರಬ್ಯಾಡ."

ಸಿಟ್ಟಿನಿಂದ ಹೇಳಲಿಲ್ಲ. ಸಂತೆಯಲ್ಲಿ ಬಳೆಯ ಅಳತೆ ಹೇಳುವಂತೆ ಹೇಳಿ ಒಳಗೆ ಹೋದರು.

ನಾನು ಹೇಳಲಿಲ್ಲ. ಮರುದಿನ ಚಹದಂಗಡಿಗೆ ಹೋಗಿ ಕೂತೆ, ಚಹ ಕುಡಿದೆ, ಎದ್ದು ಬಂದೆ. ಅದರ ಮರುದಿನವೂ. ಪೇಂಟರನ ಹೆಸರು ಹೋದರೆ ಶೆಡ್ಡಿಗೆ ಯಾರು ಬರುತ್ತಾರೆ ಎಂದು ಮೊದಮೊದಲು ಅಂದುಕೊಳ್ಳುತ್ತಿದ್ದೆ. ಶೆಡ್ಡು ಮುಚ್ಚಿದ ಮೇಲೆ ಆ ನೆಪವೂ ಇರಲಿಲ್ಲ. ಆದರೂ ಹೇಳಲಿಲ್ಲ. ಚಾಚಿಯೂ ಯಾರಿಗೂ ಹೇಳಲಿಲ್ಲ. ಅವರು ವಿಜಯಪುರದಿಂದ ಇನ್ನೊಂದು ಹಳೆಯ ಕಾರು ತಂದರು. ಕನ್ನಡಕ ಹಿಡಿಸಿರಬೇಕು ಎಂದು ಊರು ಅಂದುಕೊಂಡಿತು. ಅದರ ಒಳಗಿನ ಪ್ಲಾಸ್ಟಿಕ್ಕೂ ಬಿಸಿಲಿಗೆ ಬೆಳ್ಳಗಾಗಿತ್ತು. ಬಣ್ಣ ಹೊಡೆಸಿರಿ ಎಂದ ಚಹದಂಗಡಿಯವನಿಗೆ, "ನನಗ ರಸ್ತಾ ನೋಡೂದದ, ಪ್ಲಾಸ್ಟಿಕ್ ಅಲ್ಲ" ಅಂದರಂತೆ. ಮೊಣಕಾಲು ಸೋಲುವ ತನಕ ಓಡಿಸಿದರು. ಶೆಡ್ಡಿನ ಮುಂದೆ ಹೋಗುವಾಗ ಕೈ ಮಾಡುತ್ತಿರಲಿಲ್ಲ. ಮುಖ ತಿರುಗಿಸುತ್ತಲೂ ಇರಲಿಲ್ಲ. ನೇರ ರಸ್ತೆ ನೋಡುತ್ತಿದ್ದರು.

ಕಳೆದ ವರ್ಷ ತೀರಿಕೊಂಡರು. ಊರೆಲ್ಲ ಅವರ ಮನೆಗೆ ಹೋಯಿತು. ನಾನು ಓಣಿಯ ಬಾಯಲ್ಲಿ ನಿಂತೆ. ಅಲ್ಲಿಂದ ಮುಂದೆ ಕಾಲಿಡಲು ನನಗೆ ಒಪ್ಪಿಗೆ ಇರಲಿಲ್ಲ. ಹೊತ್ತುಕೊಂಡು ಹೊರಟಾಗ ಗೋಡೆಗೆ ಸರಿದು ದಾರಿ ಬಿಟ್ಟೆ...

ಆ ವಾಸನೆ ಬಂದ ದಿನ ನಾನು ಚಪ್ಪಲಿ ಮೆಟ್ಟಿ ಎದ್ದೆ. ಎಲ್ಲಿಗೆ ಎಂದು ಸೊಸೆ ಕೇಳಿದಳು. ಒಂದು ಕೆಲಸ ಉಳಿದಿದೆ ಎಂದು ಹೇಳಿ ಚಹದಂಗಡಿಗೆ ನಡೆದೆ. ಈಗ ಅದನ್ನು ನಡೆಸುವವನು ಹಳೆಯವನ ಮಗ. ಬೆಂಚು ಬದಲಾಗಿದೆ. ಆವತ್ತಿನ ನಾಲ್ವರಲ್ಲಿ ಒಬ್ಬನೇ ಉಳಿದಿದ್ದಾನೆ, ಅವನಿಗೆ ಕಿವಿ ಮಂದ. ಉಳಿದವರು ಮೊಬೈಲ್ ನೋಡುತ್ತಿದ್ದ ಹುಡುಗರು. ನಾನು ನಿಂತುಕೊಂಡೇ ಹೇಳಿದೆ. ಬಳಿಚಾಚಿಯ ಕಣ್ಣುಗಳು ಚೆನ್ನಾಗಿದ್ದವು. ಅವರ ಕಾರಿಗೆ ಒಳಗೆ ಹೊಡೆಯಬಾರದ ಬಣ್ಣ ಹೊಡೆದವನು ನಾನು. ನನಗೂ ಹಸಿರು ಕಂಡಿತ್ತು, ಕಾಣಲಿಲ್ಲ ಎಂದು ಸುಳ್ಳು ಹೇಳಿದೆ.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಕಿವಿ ಮಂದವಾದವನು, "ಏನಂದಿ?" ಎಂದು ಕೇಳಿದ. ಅವನ ಪಕ್ಕದಲ್ಲಿ ಕೂತು ಕಿವಿಗೆ ಬಾಯಿ ಹಚ್ಚಿ ಮತ್ತೊಮ್ಮೆ ಮೊದಲಿನಿಂದ ಹೇಳಿದೆ. ಪೂರ್ತಿ ಕೇಳಿದ. "ಪೊರಿ ಬಂದಿರತದ ಅಂದಾಂವ ನಾನಽ ಅಲ್ಲೇನೋ" ಅಂದ. ಹುಡುಗರಲ್ಲಿ ಒಬ್ಬ ಮೊಬೈಲನ್ನು ಕಿಸೆಗೆ ಹಾಕಿದ್ದ.

ಅಲ್ಲಿಂದ ನೇರ ಓಣಿಗೆ ಹೋದೆ. ಬಾಗಿಲ ತನಕ ಹೋಗಿ ಕೊಂಡಿ ಬಡಿದೆ. ಅವರ ಮೊಮ್ಮಗನ ಹೆಂಡತಿ ಇರಬೇಕು, ಈಚೆಗೆ ಮದುವೆಯಾಗಿ ಬಂದ ಹುಡುಗಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲು ತೆರೆದಳು. ನನ್ನ ಗುರುತು ಅವಳಿಗಿರಲಿಲ್ಲ.

"ಯಾರ ಬೇಕಾಗಿತ್ರಿ?"

"ಚಾಚಿ," ಅಂದೆ.

ಅವಳು ಮೆತ್ತಗೆ, ವಯಸ್ಸಾದವರಿಗೆ ಮರೆವು ಇರುತ್ತದೆ ಎಂಬಂತೆ ಹೇಳಿದಳು. "ಅವರು ಹೋಗಿ ವರುಷ ಆತಲ್ರಿ, ಅಜ್ಜಾರ."

"ಗೊತ್ತದವ್ವಾ," ಅಂದೆ. "ಗೊತ್ತಿದ್ದ ಬಂದೀನಿ."